ದೆಲ್ಮಿಯ ಬಲಗಣ್ಣು

ಕಡಲೆಕಾಯಿ ಕಿತ್ತ ಕೂಲಿ ಕಸಿಲ್ಡಾಗೆ ಇನ್ನೂ ಬರಬೇಕು. ಕೇಳಲು ಹೋದರೆ ಮೇಸ್ತ್ರಿ, “ಹೊಲದ ಮಧ್ಯೆ ಗುದ್ದಲಿ ಬಿಸಾಕಿ ಓಡಿದೋಳಿಗೆ ಎಂಥಾ ಕೂಲಿ?” ಅನ್ನುತ್ತಾನೆ. ಓಡಿದ್ದು ನಿಜ. ಯಾಕೆ ಅಂತ ಅವನು ಕೇಳಲಿಲ್ಲ. ನಾನು ಹೇಳುತ್ತೇನೆ.

ಕಸಿಲ್ಡಾ ನಮ್ಮ ಚಾಕೋ ಸೀಮೆಯ ಕೂಲಿ ಸಂಘದವಳು, ನಾನೂ ಅದೇ ಸಂಘದವನು. ರಸ್ತೆ ತಡೆಗೆ ಕರೆ ಕೊಟ್ಟರೆ ಮೊದಲ ಕಲ್ಲು ಹೊತ್ತು ತರುವವಳು. ಪೊಲೀಸರ ಲಾಠಿಗೆ ಹೆದರಿದವಳಲ್ಲ. ಹೆದರುವುದು ಎದೆಬೇನೆಗೆ. ಗಂಡ ಎವಾರಿಸ್ತೊ ಫುಟ್‌ಬಾಲ್ ಆಡುತ್ತಿದ್ದವನು ಹಾಗೇ ಬೋರಲು ಬಿದ್ದ. ಪೆನಾಲ್ಟಿಗಾಗಿ ನಾಟಕ ಆಡುತ್ತಿದ್ದಾನೆ ಅಂತ ಎಲ್ಲರೂ ನಕ್ಕರು. ಅವನು ಏಳಲಿಲ್ಲ. ಗುಂಡಿಗೆ ಊದಿತ್ತು ಅಂದರು. ಇಂಥ ಸಾವು ನಮ್ಮಲ್ಲಿ ಬೀದಿಗೊಂದು. ಹಣೆಬರಹ ಅಂದು ಮಣ್ಣು ಮುಚ್ಚಿ ಬರುತ್ತೇವೆ.

ಮಗಳು ದೆಲ್ಮಿಗೆ ಮೂರು ವರ್ಷ. ಒಂದು ಬೆಳಿಗ್ಗೆ ಬಲಗಣ್ಣು ಊದಿಸಿಕೊಂಡು ಎದ್ದಳು. ಎರಡೂ ರೆಪ್ಪೆ ನೇರಳೆ ಬಣ್ಣಕ್ಕೆ ತಿರುಗಿ ಕಣ್ಣು ಮುಚ್ಚಿಹೋಗಿತ್ತು. ಮುಟ್ಟಿದರೆ ನೋವಿಲ್ಲ, ಕೀವಿಲ್ಲ. ಮೈ ಮಾತ್ರ ಕಾದ ಹೆಂಚು.

ಅತ್ತೆ ತೊರಿಬಿಯಾ ನೋಡಿದ್ದೇ ತೀರ್ಪು ಕೊಟ್ಟಳು. “ಬೆಚ್ಚಿಬಿದ್ದಿದಾಳೆ ಕಣೇ. ಮೊನ್ನೆ ಹೋರಿ ಅಟ್ಟಿಸ್ಕೊಂಡು ಬಂತಲ್ಲ, ಜೀವ ಹಳ್ಳದ ಹತ್ರಾನೇ ಉಳ್ಕೊಂಡ್ಬಿಟ್ಟಿದೆ.”

ಹಾಗೆ ಉಳಿದ ಜೀವವನ್ನು ಮಗುವಿನ ಅಂಗಿ ಬೀಸಿ, ಹೆಸರು ಕೂಗಿ ಮನೆಗೆ ಕರೆತರಬೇಕು. ಆ ಅಂಗಿಯನ್ನೇ ಹೊದಿಸಿ ಮಲಗಿಸಬೇಕು. ಜೀವ ಮರಳುವತನಕ ಹಾಸಿಗೆ ಬದಲಿಸಕೂಡದು. ಬದಲಿಸಿದರೆ ಬಂದ ಜೀವ ಮೈ ಸಿಗದೆ ಅಲೆಯುತ್ತದೆ. ಕಸಿಲ್ಡಾ ಇದನ್ನು ನಂಬುತ್ತಾಳೆ. ನಾನೂ ನಂಬದವನೇನಲ್ಲ.

ಹೀಗಾಗಿ ದೆಲ್ಮಿ ಅದೇ ಮಂಚದಲ್ಲಿ, ಬಿರುಕುಬಿಟ್ಟ ಅದೇ ಮಣ್ಣಿನ ಗೋಡೆಗೆ ಒತ್ತಿಕೊಂಡು ಮಲಗಿದಳು. ಜ್ವರ ಇಳಿಯಲಿಲ್ಲ. ಕಿವಿಯ ಮುಂದೆ ಗಂಟೆದ್ದಿತು. ಕಡಲೆಕಾಯಿ ಸಾರು ಬಾಯಿಗಿಟ್ಟರೆ ಮುಖ ತಿರುಗಿಸಿದಳು. ಕಸಿಲ್ಡಾ ಆಗಾಗ ಮಗಳ ಎದೆಗೆ ಕಿವಿಯಿಟ್ಟು ಕೇಳುತ್ತಿದ್ದಳು. ಬಡಿತ ಜೋರಾದರೂ ಭಯ, ಮೆತ್ತಗಾದರೂ ಭಯ.

ಮನೆಯಲ್ಲಿ ಕೂತರೆ ಒಲೆ ಉರಿಯದು, ಕೆಲಸಕ್ಕೆ ಹೋದಳು. ಮಗಳ ಸಂಗತಿ ಹೇಳಿದಾಗ, ಸಾಲಿನಲ್ಲಿ ಪಕ್ಕಕ್ಕಿದ್ದ ನಿಕಾಸಿಯಾ ಕೇಳಿದಳು. “ಒಂದೇ ಕಣ್ಣಾ?”

“ಹೂಂ, ಒಂದೇ.”

“ನೋವಿಲ್ವಾ? ನಿನ್ ಮನೆ ಗೋಡೆ ಮೇಲೆ ಕಪ್ಪು ಕರೆ ಇದ್ಯಾ, ಸೋರಿದಂಗೆ? ನನ್ ತಂಗಿ ಮಗೂಗೂ ಹಿಂಗೇ ಆಗಿತ್ತು.”

“ಈಗ ಹೆಂಗಿದೆ ಮಗು?”

ನಿಕಾಸಿಯಾ ಕಿತ್ತ ಗಿಡದ ಮಣ್ಣು ಕೊಡವಿದಳು. ಮತ್ತೂ ಕೊಡವಿದಳು. ಕಸಿಲ್ಡಾ ಗುದ್ದಲಿ ಬಿಸಾಕಿ ಓಡಿದ್ದು ಆಗ.

ಮಂಚ ಎಳೆದು ನೋಡಿದಳು. ಹೊಗೆಯ ಕರೆ ಅಂದುಕೊಂಡಿದ್ದು ಹೊಗೆಯದಲ್ಲ, ಹುಳುವಿನ ಹೇಲು. ಬಿರುಕಿನೊಳಗೆ ವಿಂಚೂಕಾ. ರಕ್ತ ಹೀರುವ ದೊಡ್ಡ ತಿಗಣೆ ಅದು; ಹೊಟ್ಟೆ ಬಿರಿಯುವ ಹಾಗೆ ಕುಡಿದು ಕೂತಿತ್ತು. ಅದರ ಹಿಂದೆ ಇನ್ನೊಂದು. ಜೀವ ಬರಲಿ ಅಂತ ಮಗುವನ್ನು ಮಲಗಿಸಿದ್ದು ಇವುಗಳ ಬಾಯಿಗೆ. ಮಗುವನ್ನು ಎತ್ತಿಕೊಂಡು ಹೊರಟವಳನ್ನು ಕಂಡು ಅತ್ತೆ ಕೂಗಿದಳು.

“ಎತ್ಕೊಂಡ್ ಹೋದ್ರೆ ಜೀವ ಇಲ್ಲೇ ಉಳಿಯುತ್ತೆ ಕಣೇ ಪಾಪಿ! ಬರೀ ಮೈ ಹೊತ್ಕೊಂಡು ಹೋಗ್ತೀಯಾ?”

“ಇಲ್ಲಿದ್ರೆ ಮೈಯೂ ಉಳಿಯಲ್ಲ ಅತ್ತೆ.”

“ನನ್ ಮಗನ್ನ ತಿಂದೆ. ಇವಳನ್ನೂ ತಿನ್ನು.”

ಕಸಿಲ್ಡಾ ಮಗುವನ್ನು ಅವಚಿಕೊಂಡು ಪಟ್ಟಣದ ಲಾರಿ ಹತ್ತಿದಳು. ಅತ್ತೆಯ ಮಾತು ಸುಳ್ಳೆನ್ನುವ ಧೈರ್ಯ ಅವಳಿಗಿರಲಿಲ್ಲ. ದಾರಿಯುದ್ದಕ್ಕೂ ಪುಟ್ಟ ಅಂಗಿಯನ್ನು ಹಿಂದಕ್ಕೆ ಬೀಸುತ್ತ ಕೂಗಿದಳು. “ಬಾರೇ ದೆಲ್ಮಿ, ಹತ್ತೇ ಲಾರೀನ, ಅಮ್ಮ ಇಲ್ಲಿದೀನಿ.”

ಮೂಟೆಗಳ ಮೇಲಿದ್ದ ಗಂಡಸರು ನಕ್ಕರು. “ಏನಮ್ಮಾ, ಜೀವಕ್ಕೂ ಟಿಕೆಟ್ ತಗೊಂಡ್ಯಾ?” ಮಗುವಿನ ಮುಖ ಕಂಡ ಮೇಲೆ ನಗು ನಿಂತಿತು. ಒಬ್ಬ ಮುದುಕ ತಾನೂ ಕೂಗತೊಡಗಿದ: “ಬಾ ಮಗಳೇ, ಜಾಗ ಇದೆ.”

ಪಟ್ಟಣದ ಆಸ್ಪತ್ರೆಯ ಡಾಕ್ಟರಮ್ಮ ಕಣ್ಣು ನೋಡಿದವಳೇ ರಕ್ತ ತೆಗೆಸಿದಳು. ಸೂಕ್ಷ್ಮದರ್ಶಕದಡಿ ರೋಗಾಣು ಮಿಸುಕುತ್ತಿತ್ತು. ಚಾಗಾಸ್ ರೋಗ.

“ಹುಳ ಕಚ್ಚಿ ಪಕ್ಕದಲ್ಲೇ ಹೇತು ಹೋಗುತ್ತೆ. ಮಗು ಉಜ್ಜಿದಾಗ ಆ ಹೇಲಲ್ಲಿರೋ ರೋಗಾಣು ಕಣ್ಣಿಗೆ ಸೇರುತ್ತೆ. ಸುಮ್ನಿದ್ರೂ ಊತ ಇಳಿಯುತ್ತೆ, ಜ್ವರಾನೂ ಹೋಗುತ್ತೆ ಅಮ್ಮ.”

“ಹೋದ್ರೆ ಒಳ್ಳೇದಲ್ವಾ?”

“ಅದೇ ಮೋಸ. ಆಮೇಲೆ ಎದೇಲಿ ಅಡಗಿ ಕೂರುತ್ತೆ. ವರ್ಷಗಟ್ಟಲೆ ಗೊತ್ತೇ ಆಗಲ್ಲ. ಒಂದಿನ ನಿಂತಲ್ಲೇ ಬೀಳ್ತಾರೆ.”

ಕಸಿಲ್ಡಾ ಬೆಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಎರಡು ತಿಂಗಳ ಮಾತ್ರೆ. ತಾಯಿ ಮಗಳು ಪಟ್ಟಣದಲ್ಲಿ ಕಸಿಲ್ಡಾಳ ಅಕ್ಕನ ಮನೆಯಲ್ಲಿ ಉಳಿದರು. ನಡುವೆ ಮಗುವಿನ ಮೈಯೆಲ್ಲ ದದ್ದೆದ್ದಿತು. ಜೀವವಿಲ್ಲದ ಮೈ ಮದ್ದನ್ನು ಒಲ್ಲೆ ಅನ್ನುತ್ತಿದೆ ಅಂತ ಅತ್ತೆ ಹೇಳಿಕಳಿಸಿದಳು. ಕಸಿಲ್ಡಾ ಮಾತ್ರೆ ಎಸೆಯುವುದರಲ್ಲಿದ್ದವಳು, ಎಸೆಯದೆ ಆಸ್ಪತ್ರೆಗೆ ಓಡಿದಳು. ಡಾಕ್ಟರಮ್ಮ ದದ್ದಿಗೆ ಮದ್ದು ಕೊಟ್ಟು, ತಾನೇ ಕಣ್ಣಿಟ್ಟು ಮಾತ್ರೆ ಮುಂದುವರಿಸಿದಳು. ಈಗ ಕಣ್ಣು ತೆರೆದಿದೆ. ರೋಗ ಇಷ್ಟು ಬೇಗ ಪತ್ತೆಯಾದ ಮಕ್ಕಳು ಬಹುಪಾಲು ಗುಣವಾಗುತ್ತಾರಂತೆ. ಆದರೂ ರಕ್ತವನ್ನು ಮತ್ತೆ ಮತ್ತೆ ಪರೀಕ್ಷಿಸಬೇಕು. ಕಸಿಲ್ಡಾ ಎದೆಗೆ ಕಿವಿಯಿಡುವುದನ್ನು ಬಿಟ್ಟಿಲ್ಲ.

ಶನಿವಾರ ಮಾತ್ರೆ ಮುಗಿಯುತ್ತದೆ. ಅಕ್ಕನ ಮನೆಯಲ್ಲಿ ಇನ್ನು ಜಾಗವಿಲ್ಲ. ಮಗು ಮರಳಬೇಕಾದ್ದು ಅದೇ ಗೋಡೆಯ ಬುಡಕ್ಕೆ. ಮತ್ತೆ ಕಚ್ಚಿಸಿಕೊಂಡರೆ ತಿಂದ ಮಾತ್ರೆ ಕಾಯುವುದಿಲ್ಲ. ಗೋಡೆಯ ಹುಳುವಿಗೆ ಮದ್ದು ಹೊಡೆಯುವ ಪಂಪು ಪುರಸಭೆಯ ಉಗ್ರಾಣದಲ್ಲಿ ಧೂಳು ತಿನ್ನುತ್ತಿದೆ, ಹೊಡೆಯಲು ಆಳಿಲ್ಲವಂತೆ. ಗುರುವಾರ ಬೆಳಿಗ್ಗೆ ನಾವು ಸಂಘದವರು ಹೋಗಿ ಆ ಬಾಗಿಲಲ್ಲಿ ಕೂರುತ್ತೇವೆ. ಇಲ್ಲಿತನಕ ಓದಿದಿರಲ್ಲ, ಅಯ್ಯೋ ಪಾಪ ಅನ್ನಬೇಡಿ. ಎದ್ದು ಬನ್ನಿ, ನಮ್ಮ ಪಕ್ಕದಲ್ಲಿ ಕೂರಿ. ಪಂಪು ಹೊರಗೆ ಬರುವತನಕ ಏಳಬೇಡಿ.