ಭೀಮಬಾಯಿಗೆ ನಾನು ಕೊಡದ ಗುಳಿಗೆ

ಹೋದ ವರ್ಷ ಎಳ್ಳ ಅಮಾವಾಸ್ಯೆ ಹತ್ತಿರ ಬಂದಿದ್ದ ದಿನಗಳವು. ಶಹಾಪುರದಲ್ಲಿ ನಾನು ಕೆಲಸ ಮಾಡುವ ರೊಟ್ಟಿ ಕೇಂದ್ರದಲ್ಲಿ ಒಲೆ ಆರುತ್ತಲೇ ಇರಲಿಲ್ಲ. ಹಬ್ಬದ ದಿನ ಹೊಲದಲ್ಲಿ ಕೂತು ಉಣ್ಣಲು ಎಲ್ಲರಿಗೂ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬೇಕು, ಮನೆಯಲ್ಲಿ ಬಡಿಯಲು ಮಾತ್ರ ಯಾರಿಗೂ ಪುರುಸೊತ್ತಿಲ್ಲ! ನಾವು ಹೆಂಗಸರು ಬೆಳಿಗ್ಗೆ ಒಲೆ ಮುಂದೆ ಕೂತರೆ ಏಳುತ್ತಿದ್ದುದು ಸಂಜೆಗೇ.

ಹೊಗೆ, ಹೊತ್ತಲ್ಲದ ಹೊತ್ತಿನ ಊಟ, ಬಿಸಿ ರೊಟ್ಟಿಗೆ ಹಸಿಖಾರ. ನಮ್ಮಲ್ಲಿ ಎದೆ ಉರಿಯದ ಹೆಂಗಸೇ ಇಲ್ಲ ಎನ್ನಿ. ಉರಿ ಎದ್ದಾಗ ಪಕ್ಕದವಳತ್ತ ಕೈ ಚಾಚುವುದು ನಮ್ಮ ರೂಢಿ. ಎಲೆ ಅಡಿಕೆ ಕೇಳಿದಷ್ಟೇ ಸಲೀಸಾಗಿ "ಗ್ಯಾಸಿನ ಗುಳಿಗಿ ಅದ ಏನಬೇ?" ಎನ್ನುತ್ತಿದ್ದೆವು. ಇಟ್ಟುಕೊಂಡೂ ಕೊಡದವಳು ಮನುಷ್ಯಳೇ ಅಲ್ಲ ಎಂದು ಲೆಕ್ಕ.

ನನ್ನ ಬಳಿ ಇದ್ದುದು ಡಾಕ್ಟರ್ ಮೇಡಂ ನನಗೇ ಎಂದು ಬರೆದುಕೊಟ್ಟ ಗುಳಿಗೆ. ಅವಧಿಗೆ ಮೊದಲೇ ಖಾಲಿಯಾಯಿತು ಎಂದು ಮತ್ತೆ ಹೋದಾಗ ಅವರು ಸರಿಯಾಗಿ ಬೈದರು. "ಮುಂಜಾನೆ ಖಾಲಿ ಹೊಟ್ಟೀಲೆ ತಗೊಂಡು ಅರ್ಧ ತಾಸಿನ ಮ್ಯಾಲ ಉಣ್ರಿ, ಒಡೀದೆ ಅಗೀದೆ ಇಡೀ ನುಂಗ್ರಿ ಅಂತ ಹೇಳಿದ್ದು ನಿಮಗ, ನಿಮ್ಮ ಓಣಿಗೆಲ್ಲ ಅಲ್ಲ! ಇದು ಉರಿ ಕಮ್ಮಿ ಮಾಡ್ತದ, ಖರೇ. ಆದ್ರ ಒಳಗ ಬ್ಯಾರೆ ರೋಗ ಇದ್ದವರಿಗೆ ಅದು ತಿಳಿಯದಂಗೂ ಮಾಡ್ತದ. ನುಂಗಾಕ ತ್ರಾಸ ಆದ್ರ, ಸುಮ್ಮಸುಮ್ಮನೆ ಸೊರಗಿದ್ರ, ಹೊರಕಡಿ ಕುಂತಾಗ ಮಲ ಕರ್ರಗ ಹೋದ್ರ, ಗುಳಿಗಿ ನೆಚ್ಚಿ ಕುಂದ್ರಬಾರದು. ಅವತ್ತೇ ತೋರಿಸಬೇಕು," ಎಂದರು. ಅಂದಿನಿಂದ ಹಂಚುವುದನ್ನು ಬಿಟ್ಟೆ.

ಬೇರೆಯವರಿಗೆ ಇಲ್ಲ ಎನ್ನುವುದು ಸುಲಭವಿತ್ತು. ಕಷ್ಟವಾದದ್ದು ಭೀಮಬಾಯಿಗೆ ಇಲ್ಲ ಎನ್ನುವುದು. ವನದುರ್ಗದ ಕಡೆಯ ಹಿರಿಯ ಹೆಂಗಸು, ನನಗೆ ಈ ಕೆಲಸ ಕೊಡಿಸಿ ರೊಟ್ಟಿ ಬಡಿಯಲು ಕಲಿಸಿದವಳು. ಸಂಬಂಧ ಏನಿಲ್ಲದಿದ್ದರೂ ನಾನು ಅತ್ತಿ ಎಂದೇ ಕರೆಯುತ್ತೇನೆ. ಕಾಲು ಮಡಚಿ ಕೂತೂ ಕೂತೂ ಆಕೆಯ ಮೊಣಕಾಲು ಹಿಡಿದುಹೋಗಿದ್ದವು. ಅಂಗಡಿಯಿಂದ ನೋವಿನ ಗುಳಿಗೆ ತಂದು ದಿನಾ ಬೆಳಿಗ್ಗೆ ಬರೀ ಚಹಾದ ಜೊತೆ ನುಂಗುವುದು, ಉರಿ ಎದ್ದ ದಿನ ಊಟವಾದ ಮೇಲೆ ಯಾರಿಂದಲಾದರೂ ಗ್ಯಾಸಿನದನ್ನು ಇಸಿದುಕೊಂಡು, ಅದರ ಟೊಪ್ಪಿಗೆ ಬಿಚ್ಚಿ, ಒಳಗಿನ ಕಾಳುಗಳನ್ನು ಮಜ್ಜಿಗೆಗೆ ಸುರಿದು ಕುಡಿಯುವುದು. "ಮ್ಯಾಲ ಇದೊಂದು ಬಿತ್ತಂದ್ರ ಹೊಟ್ಟಿಗೆ ಏನೂ ಆಗಂಗಿಲ್ಲ," ಎಂಬ ಧೈರ್ಯ ಬೇರೆ.

ಹಬ್ಬದ ರೊಟ್ಟಿ ಶುರುವಾದ ಮೇಲೆ ನೋಡುತ್ತೇನೆ, ಅತ್ತಿಯ ಬಳೆ ಮೊಣಕೈವರೆಗೆ ಜಾರುತ್ತಿವೆ, ಮುಖ ಬಿಳಿಚಿಕೊಂಡಿದೆ. ಒಮ್ಮೆ ಹಿತ್ತಲ ನಳದ ಹತ್ತಿರ ತಾನಾಗಿಯೇ ಹೇಳಿದಳು. "ಹೊರಕಡಿ ಹೋದ್ರ ಡಾಂಬರಿನಂಗ ಕರ್ರಗ ಹೋಗಾಕತ್ತದ. ಸಜ್ಜಿ ರೊಟ್ಟಿ ಉಂಡಿದ್ಕ ಇರಬೇಕು ಬಿಡು."

ಡಾಕ್ಟರ್ ಮೇಡಂ ಹೇಳಿದ್ದು ಇದನ್ನೇ. ಸಜ್ಜೆ ರೊಟ್ಟಿಯನ್ನು ನಾವೂ ಉಣ್ಣುತ್ತಿದ್ದೆವಲ್ಲ! ದವಾಖಾನೆಗೆ ಹೋಗೋಣ ಎಂದರೆ ಹಬ್ಬ ಮುಗಿಯಲಿ ಎಂದಳು. ಅದೇ ಮಧ್ಯಾಹ್ನ ಉಂಡು ಕೈ ತೊಳೆದು ಬಂದು, "ಶಾಂತಾ, ಒಂದು ಗುಳಿಗಿ ತಾ," ಎಂದಳು.

"ಕೊಡಂಗಿಲ್ಲ ಅತ್ತಿ."

ರೊಟ್ಟಿ ಬಡಿಯುವ ಸಪ್ಪಳ ನಿಂತೇಹೋಯಿತು. "ಏನಂದಿ?" ಎಂದಳು ಅತ್ತಿ.

"ಕೊಡಂಗಿಲ್ಲ ಅಂದೆ. ಈಗ ದವಾಖಾನಿಗೆ ನಡಿ. ಡಾಕ್ಟರ್ ಬರಕೊಟ್ರ ನಾನೇ ತಂದು ನಿನ್ನ ಕೈಯಾಗ ಇಡ್ತೀನಿ. ಹಂಗ ಮಾತ್ರ ಒಂದೂ ಕೊಡಂಗಿಲ್ಲ."

ಪಕ್ಕದ ಒಲೆಯ ಮಹಾದೇವಿ ತಡೆಯಲಾರದೆ ಎಂದಳು, "ಅಲಬೇ, ನಿನಗ ಕೆಲಸ ಕೊಡಿಸಿದಾಕಿ ಅಕಿ. ಒಂದು ಗುಳಿಗಿ ಕೊಟ್ರ ನಿನ್ನ ಗಂಟೇನ್ ಹೋಗ್ತದ?"

"ನನ್ನ ಗಂಟು ಹೋಗಂಗಿಲ್ಲ. ಅಕಿ ಹೋಗ್ತಾಳ!" ಎಂದೆ. ಬಿರುಸಾಯಿತೇನೋ. ಆಗಲಿ.

ಅತ್ತಿ ಕಣ್ಣಲ್ಲಿ ನೀರು ತಂದುಕೊಂಡು ಅಂಗಡಿಗೆ ಹೋಗಿ ಗುಳಿಗೆ ತಂದುಕೊಂಡಳು. ಆಮೇಲೆ ನನ್ನ ಜೊತೆ ಮಾತು ಬಂದ್. ನಾನು ತಂದ ಪಲ್ಯವನ್ನು ಯಾರೂ ಮುಟ್ಟಲಿಲ್ಲ. ಉಪ್ಪು ಬೇಕಾದರೂ ನನ್ನನ್ನು ದಾಟಿ ಆಚೆಯವಳನ್ನು ಕೇಳುತ್ತಿದ್ದರು. ಮನೆಗೆ ಹೋಗಿ ಒಬ್ಬಳೇ ಅತ್ತುಬಿಟ್ಟೆ. ಮರುದಿನ ಮತ್ತೆ ಬಂದು ಎಲ್ಲರಿಗೂ ಕೇಳುವ ಹಾಗೆ "ಅತ್ತಿ, ದವಾಖಾನಿಗೆ ನಡಿ" ಎಂದೇ ಕೆಲಸ ಶುರು ಮಾಡಿದೆ. ಹಾಗೆಯೇ ದಿನಾ.

ಹಬ್ಬದ ಹಿಂದಿನ ದಿನ ಅತ್ತಿ ನೀರು ಕುಡಿಯಲು ಎದ್ದವಳು ಗೋಡೆ ಹಿಡಿದು ಹಾಗೇ ಕುಸಿದಳು. ಮೈಯೆಲ್ಲ ತಣ್ಣನೆಯ ಬೆವರು. "ಗ್ಯಾಸ್ ತಲಿಗೆ ಏರ್ಯಾದ, ಇನ್ನಾದ್ರೂ ಕೊಡು ಗುಳಿಗಿ!" ಎಂದು ಮಹಾದೇವಿ ಚೀರಿದಳು. ನಾನು ಒಲೆಗೆ ನೀರು ಹೊಯ್ದು ಎದ್ದೆ.

"ರೊಟ್ಟಿ ಒಯ್ಯಾಕ ಮಂದಿ ನಿಂತಾರ, ಎಲ್ಲಿಗಿ ಹೋಗ್ತಿ?" ಎಂದು ಹಿಂದಿನಿಂದ ಯಾರೋ ಕೂಗಿದರು.

"ನಿಲ್ಲಲಿ. ಒಂದು ಹಬ್ಬ ರೊಟ್ಟಿ ಬಿಟ್ಟು ಅನ್ನ ಉಂಡ್ರ ಯಾರೂ ಸಾಯಂಗಿಲ್ಲ," ಎಂದು ಆಟೋ ಕರೆದೆ.

ದವಾಖಾನೆಯಲ್ಲಿ ಡಾಕ್ಟರ್ ಮೇಡಂ ಅತ್ತಿಯ ಕಣ್ಣಿನ ರೆಪ್ಪೆ ಜಗ್ಗಿ ನೋಡಿದರು. "ಮೈಯಾಗ ರಕ್ತನೇ ಇಲ್ಲಲ್ರಿ. ಏನಾಗ್ಯಾದ?" ಅತ್ತಿ ಆ ಸ್ಥಿತಿಯಲ್ಲೂ "ಏನಿಲ್ರಿ, ಜರಾ ಗ್ಯಾಸ್" ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. ಮೊಣಕಾಲಿನ ಗುಳಿಗೆ, ಮಜ್ಜಿಗೆಯ ಕಾಳು, ಡಾಂಬರಿನ ಮಾತು, ಎಲ್ಲವನ್ನೂ ಒದರಿಬಿಟ್ಟೆ. ಅತ್ತಿ ನಾಚಿಕೆಯಿಂದ ಗೋಡೆಗೆ ಮುಖ ಮಾಡಿ ಮಲಗಿದಳು.

ಅಂದೇ ಕಲಬುರಗಿಗೆ ಕಳಿಸಿದರು. ರಕ್ತ ಹಾಕಿ, ಬಾಯಿಂದ ಕೊಳವೆ ಇಳಿಸಿ ನೋಡಿದರೆ ಹೊಟ್ಟೆಯೊಳಗೆ ಹುಣ್ಣು, ಅದರಿಂದ ರಕ್ತ ಸೋರುತ್ತಿತ್ತು. ನೋವಿನ ಗುಳಿಗೆ ಮಾಡಿದ ಹುಣ್ಣು ಅದು. ಆಗೊಮ್ಮೆ ಈಗೊಮ್ಮೆ ಇಸಿದುಕೊಂಡು ಕುಡಿದ ಗ್ಯಾಸಿನ ಮದ್ದು ಉರಿಯನ್ನಷ್ಟೇ ತಣಿಸಿ ಹುಣ್ಣನ್ನು ಮರೆಮಾಡಿತ್ತು ಎಂದರು ಅಲ್ಲಿನ ಡಾಕ್ಟರ್. ಇನ್ನು ಸ್ವಲ್ಪ ತಡವಾಗಿದ್ದರೆ ಜೀವಕ್ಕೇ ಅಪಾಯವಿತ್ತು ಎಂದೂ ಹೇಳಿದರು. ಗುಣವಾಗಲು ಬರೆದುಕೊಟ್ಟದ್ದು ಮತ್ತೆ ಗ್ಯಾಸಿನ ಗುಳಿಗೆಯನ್ನೇ, ಆದರೆ ಈ ಸಲ ಆಕೆಯ ರೋಗ ನೋಡಿ, ಆಕೆಯ ಹೆಸರಿಗೆ. ನೋವಿನ ಗುಳಿಗೆ ಪೂರ್ತಿ ಬಂದ್.

ಅತ್ತಿ ಕಣ್ಣುಬಿಟ್ಟು ಆಡಿದ ಮೊದಲ ಮಾತು, "ನಾಕ್ ಮಂದ್ಯಾಗ ನನ್ನ ಮಾನ ಕಳದಿ."

"ಹೂಂ, ಕಳದೀನಿ. ಬೇಕಾದ್ರ ಮತ್ತ ಕಳೀತೀನಿ. ಈಗ ಗಂಜಿ ಕುಡಿ," ಎಂದೆ.

ಅತ್ತಿ ಈಗ ಮತ್ತೆ ಕೆಲಸಕ್ಕೆ ಬರುತ್ತಾಳೆ, ಮಣೆ ಮೇಲೆ ಕೂತು ಹಿಟ್ಟು ನಾದುತ್ತಾಳೆ. ಆ ಸಿಟ್ಟು ಮಾತ್ರ ಇಳಿದಿಲ್ಲ. ಹೊಸದಾಗಿ ಯಾರು ಬಂದರೂ ನನ್ನತ್ತ ಬೆರಳು ತೋರಿಸಿ, "ಇಕಿ ಕಲ್ಲೆದಿಯಾಕಿ, ಕೇಳಿದ್ರ ಒಂದು ಗುಳಿಗಿ ಕೊಡಲಿಲ್ಲ," ಎನ್ನುತ್ತಾಳೆ. ನಾನು ಇವತ್ತಿನವರೆಗೆ ತಪ್ಪಾಯಿತು ಎಂದಿಲ್ಲ, ಅನ್ನುವುದೂ ಇಲ್ಲ. ಬೈಯಲಿ. ಬೈಯಲು ಆಕೆ ಇದ್ದಾಳಲ್ಲ!