ಎರಡನೆಯ ಓಟಗಾರನನ್ನು ಆರಿಸಿದ್ದು

ಕೋಚ್ ಊರಿಗೆ ಹೊರಡುವ ದಿನ ಬೆಳಿಗ್ಗೆ ನನ್ನ ಮೇಜಿನ ಎದುರು ಬಂದು ಕುಳಿತರು. "ಎರಡನೆಯ ಓಟಗಾರನನ್ನು ನೀವೇ ಆರಿಸಿ" ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

ಕೋಚ್ ಎಂದರೆ ನಮ್ಮ ಕಂಪನಿಯ ವಿನ್ಯಾಸ ವಿಭಾಗದ ಮುಖ್ಯಸ್ಥರು, ಅಮೆರಿಕದವರು. ಮಸ್ಕತ್ತಿಗೆ ಬಂದ ಮೊದಲ ಚಳಿಗಾಲದಲ್ಲೇ ಅವರು ಆಫೀಸಿನ ಗಂಡಸರನ್ನೆಲ್ಲ ಕಲೆಹಾಕಿ ತಮ್ಮ ದೇಶದ ಫುಟ್‌ಬಾಲ್ ತಂಡವೊಂದನ್ನು ಕಟ್ಟಿದ್ದರು. ಕಾಲಿನಿಂದ ಆಡುವ ಫುಟ್‌ಬಾಲ್ ಅಲ್ಲ. ಎರಡು ತುದಿ ಚೂಪಾದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಆಟ. ಓಡುವವನನ್ನು ಎದುರಿನವರು ಹಿಡಿದು ಕೆಡವುತ್ತಾರೆ. ತಲೆಗೆ ಹೆಲ್ಮೆಟ್, ಭುಜಕ್ಕೆ ಗಟ್ಟಿ ಕವಚ. ನಾನು ಅಲ್ ಖುವೈರ್ ಬಡಾವಣೆಯ ಆ ಆಫೀಸಿನಲ್ಲಿ ಸಿಬ್ಬಂದಿ ವಿಭಾಗದವಳು. ನೇಮಕ, ವೀಸಾ, ರಜೆ ನನ್ನ ಕೆಲಸ. ಮೈದಾನ ಗೊತ್ತು ಮಾಡಲಿಕ್ಕೆ, ಬಸ್ಸಿಗೆ ಹೇಳಲಿಕ್ಕೆ, ಎಲ್ಲರ ಕೈಯಲ್ಲಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಲಿಕ್ಕೆ ಒಬ್ಬರು ಬೇಕಿತ್ತು, ಹಾಗೆ ನಾನು ತಂಡದ ಮ್ಯಾನೇಜರ್ ಆಗಿಬಿಟ್ಟಿದ್ದೆ. ಆಟ ಮಾತ್ರ ನನಗೆ ತಲೆಬುಡ ತಿಳಿಯುತ್ತಿರಲಿಲ್ಲ. ಆರಂಭದಲ್ಲಿ ಕೋಚ್ ಕಳಿಸಿದ ಪಟ್ಟಿಯಲ್ಲಿ "ವಿಶೇಷ ತಂಡ" ಎಂದಿದ್ದುದನ್ನು ನೋಡಿ, ಅದು ಇನ್ನೊಂದೇ ತಂಡ ಎಂದುಕೊಂಡು ಎರಡು ಬಸ್ಸಿಗೆ ಹೇಳಿದ್ದೆ.

ಕೋಚ್ ಅವರ ತಂದೆಗೆ ಹೃದಯದ ಶಸ್ತ್ರಚಿಕಿತ್ಸೆ ನಿಶ್ಚಯವಾಗಿತ್ತು. ಅದಕ್ಕೇ ಈ ಅವಸರದ ಪ್ರಯಾಣ. ಎರಡು ವಾರ ಕಳೆದರೆ ದುಬೈನಿಂದ ಬರುವ ಒಂದು ತಂಡದೊಡನೆ ಪಂದ್ಯ. ಪಟ್ಟಿಯಲ್ಲಿ ಒಂದು ಜಾಗ ಬಿಟ್ಟು ಉಳಿದದ್ದೆಲ್ಲ ತುಂಬಿತ್ತು. ಖಾಲಿ ಇದ್ದದ್ದು ಎರಡನೆಯ ಓಟಗಾರನ ಜಾಗ.

"ಸರ್, ನನಗೆ ಈ ಆಟ ಗೊತ್ತಿಲ್ಲ," ಎಂದೆ.

"ಜನರನ್ನು ಆರಿಸುವುದು ಗೊತ್ತಲ್ಲ. ಎರಡು ಅಭ್ಯಾಸ ನೋಡಿ. ಕಂಡದ್ದನ್ನು ಬರೆದುಕೊಳ್ಳಿ." ಅವರು ನನ್ನ ಮೇಜಿನ ಮೇಲಿದ್ದ ಹಳೆಯ ಫಾರ್ಮ್ ಒಂದನ್ನು ತಿರುಗಿಸಿ ಹಿಂಬದಿಯಲ್ಲಿ ಸೊನ್ನೆಗಳನ್ನೂ ಬಾಣಗಳನ್ನೂ ಎಳೆದರು. ನನಗೆ ಅರ್ಥವಾದದ್ದು ಇಷ್ಟು: ಮೊದಲ ಓಟಗಾರ ಸುಸ್ತಾದರೆ ಅಥವಾ ಪೆಟ್ಟು ಮಾಡಿಕೊಂಡರೆ ಮಾತ್ರ ಎರಡನೆಯವನಿಗೆ ಚೆಂಡು. ಇಲ್ಲದಿದ್ದರೆ ಬೆಂಚು. ಆದರೆ ಪಂದ್ಯದ ಪಟ್ಟಿಗೆ ಇಂತಿಷ್ಟೇ ಜನ ಎಂಬ ಮಿತಿ ಇರುವುದರಿಂದ ಒಬ್ಬನನ್ನು ಸುಮ್ಮನೆ ಕೂರಿಸುವ ಹಾಗಿಲ್ಲ. ನಾವು ಚೆಂಡನ್ನು ಎದುರಾಳಿಗಳತ್ತ ದೂರಕ್ಕೆ ಒದೆಯುವ ಸಂದರ್ಭಗಳಿರುತ್ತವೆ. ಆಗ ಅದನ್ನು ಹಿಡಿದು ವಾಪಸು ಓಡಿ ಬರುವವನನ್ನು ಕೆಡವಲಿಕ್ಕೆ ನಮ್ಮವರು ಮೈದಾನದ ಉದ್ದಕ್ಕೂ ನುಗ್ಗಬೇಕು. ಆ ಹೊತ್ತಿಗೆ ಮಾತ್ರ ಇಳಿಯುವವರೇ ವಿಶೇಷ ತಂಡ. ಎರಡನೆಯ ಓಟಗಾರ ಆ ಕೆಲಸಕ್ಕೂ ಬರಬೇಕು.

"ಹಾಗಾದರೆ ಯಾವುದು ಮುಖ್ಯ? ಓಟವೋ, ಕೆಡವುವುದೋ?"

"ಎರಡೂ," ಎಂದು ಅವರು ಗಡಿಯಾರ ನೋಡಿದರು. ವಿಮಾನದ ಹೊತ್ತಾಗಿತ್ತು.

ಆ ಜಾಗಕ್ಕೆ ಇದ್ದವರು ಇಬ್ಬರು. ಒಬ್ಬ ನಿಜ್ವಾ ಕಡೆಯ ಒಮಾನಿ ಯುವಕ, ನಮ್ಮ ಆಫೀಸಿನಿಂದ ಸಚಿವಾಲಯಗಳಿಗೆ ಕಾಗದಪತ್ರ ಒಯ್ಯುವ ಅಧಿಕಾರಿ. ಇಪ್ಪತ್ತಾರರ ಆಸುಪಾಸು, ಎತ್ತರ, ತೆಳ್ಳಗೆ. ಇನ್ನೊಬ್ಬರು ವಿಜಯಪುರದವರು, ಸುರಕ್ಷತಾ ಎಂಜಿನಿಯರ್. ನಲವತ್ತು ಸಮೀಪಿಸಿತ್ತು, ಮೈ ದಪ್ಪ, ಕುತ್ತಿಗೆ ಗಿಡ್ಡ. ಆಫೀಸಿನಲ್ಲಿ ನನ್ನೊಡನೆ ಕನ್ನಡ ಮಾತಾಡುವವರು ಅವರೊಬ್ಬರೇ.

ಮೈದಾನ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಒಂದು ಶಾಲೆಯದು. ಸಂಜೆ ನಾಲ್ಕೂವರೆಗೆ ಅಭ್ಯಾಸ. ನಾನು ನೋಟ್‌ಬುಕ್ ಹಿಡಿದು ಗೆರೆಯ ಆಚೆ ನಿಂತೆ. ನಿಜ್ವಾದವನು ಚೆಂಡು ಹಿಡಿದು ಓಡಿದಾಗ ನಾನು ಬರೆಯುವುದನ್ನೇ ಮರೆತೆ. ಇಬ್ಬರ ನಡುವೆ ಸಂದಿಯೇ ಇರಲಿಲ್ಲ, ಅವನು ಭುಜ ಓರೆ ಮಾಡಿದ, ಆಚೆ ಇದ್ದ. ವಿಜಯಪುರದವರ ಸರದಿಯಲ್ಲಿ ಅವರು ತಲೆ ತಗ್ಗಿಸಿ ನೇರ ಜನರ ಗುಂಪಿಗೇ ಹೋಗಿ ಡಿಕ್ಕಿ ಹೊಡೆದರು. ಒಂದು ಸಲ ಚೆಂಡೂ ಜಾರಿತು. ನಾನು ನೋಟ್‌ಬುಕ್ಕಿನಲ್ಲಿ ಯುವಕನ ಹೆಸರಿನ ಕೆಳಗೆ ಗೆರೆ ಎಳೆದೆ.

ಆಮೇಲೆ ಒದೆತದ ಅಭ್ಯಾಸ. ಚೆಂಡು ಆಕಾಶಕ್ಕೆ ಹೋದ ಕೂಡಲೇ ವಿಜಯಪುರದವರು ಮೈಮೇಲೆ ಬಂದವರ ಹಾಗೆ ಓಡಿದರು. ಅಷ್ಟು ನಿಧಾನದ ಮನುಷ್ಯ ಎಲ್ಲರಿಗಿಂತ ಮೊದಲು ಅಲ್ಲಿ ಹೇಗೆ ತಲುಪಿದರೋ ತಿಳಿಯಲಿಲ್ಲ. ಎರಡನೆಯ ಸಲವೂ ಅವರೇ, ಮೂರನೆಯ ಸಲವೂ ಅವರೇ. ನಿಜ್ವಾದವನು ಅರ್ಧ ದಾರಿಯವರೆಗೆ ಓಡಿ, ಬೇರೆಯವರು ಹಿಡಿಯುತ್ತಾರೆಂದು ಖಾತ್ರಿಯಾದ ಮೇಲೆ ನಿಂತುಬಿಡುತ್ತಿದ್ದ. ಹೊಸ ಗೆರೆ ಎಳೆಯಲೋ ಹಳೆಯದನ್ನು ಹೊಡೆದುಹಾಕಲೋ ಎಂದು ಪೆನ್ನು ಹಿಡಿದು ನಿಂತೆ. ಎರಡನೆಯ ದಿನದ ಅಭ್ಯಾಸದಲ್ಲೂ ಇದೇ ಆಯಿತು.

ಮನೆಯಲ್ಲಿ ಗಂಡನಿಗೆ ಹೇಳಿದೆ. ಅವರು ಮೂಲ್ಕಿಯಲ್ಲಿ ಕಾಲೇಜಿಗೆ ಹೋಗುವಾಗ ಕಬಡ್ಡಿ ಆಡಿದವರು. ನಾವು ಮನೆಯಲ್ಲಿ ತುಳುವನ್ನೇ ಆಡುವುದು, ಆದರೆ ಆಟದ ವಿಷಯ ಬಂದರೆ ಅವರಿಗೆ ಯಾಕೋ ಕನ್ನಡ ಬರುತ್ತದೆ.

"ಅದರಲ್ಲಿ ಯೋಚನೆ ಮಾಡ್ಲಿಕ್ಕೆ ಎಂತ ಉಂಟು?" ಎಂದರು ಬಂಗುಡೆಯ ಮುಳ್ಳು ಬಿಡಿಸುತ್ತ. "ರೈಡ್ ಹೋಗುವವ ಸಿಕ್ತಾನೆ. ಕಾಲು ಹಿಡಿಯುವವ ಸಿಕ್ಕುದಿಲ್ಲ."

"ಹಾಗಾದ್ರೆ ವಿಜಯಪುರದವರನ್ನು ಹಾಕುವುದಾ?"

"ಹಾಗೆ ನಾನು ಹೇಳ್ಲಿಲ್ಲ. ಮೊದಲಿನವ ಬಿದ್ರೆ ಎಂತ ಮಾಡ್ತಿ? ಆಗ ಓಡುವವ ಬೇಕಲ್ಲ."

ಅವರನ್ನು ಕೇಳಿದ್ದೇ ತಪ್ಪಾಯಿತು ಎನ್ನಿಸಿತು. ಇನ್ನೊಂದು ಚಿಂತೆಯನ್ನು ಅವರಲ್ಲೂ ಹೇಳಿಕೊಳ್ಳಲಿಲ್ಲ. ವಿಜಯಪುರದವರನ್ನು ಆರಿಸಿದರೆ ನಮ್ಮ ಭಾಷೆಯವರೆಂದು ಆರಿಸಿದೆ ಎಂದು ಆಫೀಸಿನಲ್ಲಿ ಆಡಿಕೊಳ್ಳುತ್ತಾರೆ. ಆ ಮಾತಿಗೆ ಹೆದರಿ ಬಿಟ್ಟರೆ ಅವರಿಗೆ ಅನ್ಯಾಯ. ನಾನು ನಿಜವಾಗಿ ಅವರ ಓಟವನ್ನು ನೋಡುತ್ತಿದ್ದೇನೆಯೇ, ಅಥವಾ ಬೆಳಗ್ಗೆ ಲಿಫ್ಟಿನಲ್ಲಿ "ನಾಷ್ಟಾ ಆತೇನ್ರಿ ಅಕ್ಕಾರ" ಎಂದು ಕೇಳುವ ದನಿಯನ್ನು ಕೇಳುತ್ತಿದ್ದೇನೆಯೇ, ನನಗೇ ಬಗೆಹರಿಯಲಿಲ್ಲ.

ಮರುದಿನ ಅವರೇ ನನ್ನ ಮೇಜಿನ ಹತ್ತಿರ ಬಂದರು. ಸಹಿಗೆಂದು ಒಂದು ಕಾಗದ ಹಿಡಿದಿದ್ದರು, ಆದರೆ ಅದನ್ನು ಕೊಡಲಿಲ್ಲ.

"ಅಕ್ಕಾರ, ಒಂದ್ ಮಾತ್ ಹೇಳ್ಲ್ಯಾ? ನನ್ನ ಹೆಸರ ಬಿಟ್ಟಬಿಡ್ರಿ."

"ಯಾಕೆ? ಮೈ ಸರಿ ಇಲ್ವಾ?"

"ಮೈ ಚಲೋ ಐತ್ರಿ. ಆ ಹುಡುಗಂದು ಓಟ ನೋಡೀರಿಲ್ಲ? ನಂದೇನು ಓಟ ಅಲ್ರಿ ಅದು, ಎತ್ತಿನ ಬಂಡಿ."

"ಹಾಗಾದ್ರೆ ಅಭ್ಯಾಸಕ್ಕೆ ದಿನಾ ಯಾಕೆ ಬರ್ತೀರಿ ಮಾರಾಯ್ರೆ?"

ಅವರು ಕಾಗದವನ್ನು ಮಡಿಸತೊಡಗಿದರು. "ಚೆಂಡು ಒದ್ದ ಮ್ಯಾಲ ಓಡ್ತೀವಲ್ರಿ, ಅದು ನನಗ ಭಾಳ ಸೇರತೈತಿ. ಯಾಕಂತ ಕೇಳಿದ್ರ ಗೊತ್ತಿಲ್ರಿ," ಎಂದು ಹೊರಟುಹೋದರು. ಬಿಡಿ ಎಂದು ಹೇಳಲಿಕ್ಕೆ ಬಂದವರು ಬೇಕು ಎಂದು ಹೇಳಿ ಹೋದ ಹಾಗಾಯಿತು.

ತಂಡದ ಅಂಗಿ ಹೊಲಿಸಿ ಹೆಸರು ಅಚ್ಚು ಹಾಕಿಸುವುದು ಮತ್ರಾದಲ್ಲಿ. ಬಂದರಿನ ಎದುರಿನ ಸೂಕ್‌ನ, ಅಂದರೆ ಹಳೆಯ ಪೇಟೆಯ, ಓಣಿಯಲ್ಲಿ ಒಬ್ಬ ಗುಜರಾತಿ ಅಜ್ಜ ತಲೆತಲಾಂತರದಿಂದ ಬಂದ ಅಂಗಡಿ ನಡೆಸುತ್ತಿದ್ದರು. ಉಳಿದ ಅಂಗಿಗಳನ್ನೆಲ್ಲ ಸಿದ್ಧಮಾಡಿ ಕಟ್ಟಿ ಇಟ್ಟಿದ್ದರು. ಕೊನೆಯದಕ್ಕೆ ಅವರು ಕಾದಿದ್ದರು. ನಾನು ದಾರಿಯುದ್ದಕ್ಕೂ ಕಾರಿನಲ್ಲಿ ಯುವಕನ ಹೆಸರನ್ನೇ ಹೇಳಿಕೊಂಡು ಹೋಗಿದ್ದೆ. ಅಂಗಡಿಯ ಮೆಟ್ಟಿಲು ಹತ್ತುವಾಗಲೂ ಅದೇ ತೀರ್ಮಾನ. ಓಟಗಾರ ಎಂದರೆ ಓಡುವವನೇ ತಾನೇ.

ಅಜ್ಜ ಹೆಸರು ಕೇಳಲಿಲ್ಲ. "ಸೈಜ್ ಬೋಲೋ ಬೇಟಿ," ಎಂದರು.

"ಡಬಲ್ ಎಕ್ಸೆಲ್," ಎಂದೆ.

ಹೇಳಿದ ಮೇಲೆ ನಾನೇ ಬೆಚ್ಚಿದೆ. ಡಬಲ್ ಎಕ್ಸೆಲ್ ಅಂಗಿಯೊಳಗೆ ನಿಜ್ವಾದವನಂಥವರು ಇಬ್ಬರು ಹಿಡಿಸುತ್ತಿದ್ದರು. ತಿದ್ದಬಹುದಿತ್ತು. ಅಜ್ಜ ಹಿಂದೆ ತಿರುಗಿ ಬಟ್ಟೆ ಎಳೆಯುತ್ತಿದ್ದರು. ಅವರು ಹೆಸರು ಬರೆದುಕೊಡಲು ಚೀಟಿ ಕೊಟ್ಟಾಗ ವಿಜಯಪುರದವರ ಹೆಸರು ಬರೆದೆ.

ಪಟ್ಟಿ ಹೊರಬಿದ್ದ ದಿನ ಮಧ್ಯಾಹ್ನ ಒಮಾನಿ ಯುವಕ ಬಂದ. ಬಿಳಿ ದಿಶ್‌ದಾಶಾ ನಿಲುವಂಗಿ, ತಲೆಗೆ ಕಸೂತಿಯ ಕುಮ್ಮಾ ಟೋಪಿ, ಸಚಿವಾಲಯದಿಂದ ನೇರ ಬಂದಿದ್ದ. ನಾವಿಬ್ಬರೂ ಮಾತಾಡುವುದು ಅರ್ಧ ಇಂಗ್ಲಿಷು, ಅರ್ಧ ಹಿಂದಿ. ಮೊದಲು ಮನೆಯವರ ಕ್ಷೇಮ ಕೇಳಿದ, ನಾನೂ ಕೇಳಿದೆ. ಆಮೇಲೆ ದನಿ ಏರಿಸದೆ ಕೇಳಿದ:

"ಸಿಸ್ಟರ್, ನಾನು ಅವರಿಗಿಂತ ವೇಗ. ಸರಿಯೋ ತಪ್ಪೋ?"

"ಸರಿ."

"ಚೆಂಡು ನನ್ನ ಕೈಯಿಂದ ಬಿದ್ದಿಲ್ಲ."

"ಇಲ್ಲ."

"ಮತ್ತೆ?"

ನಾನು ಒದೆತದ ವಿಷಯ ಹೇಳಿದೆ, ನೋಟ್‌ಬುಕ್ ತೆರೆದು ತೋರಿಸಿದೆ. ಅವನು ಗಮನವಿಟ್ಟು ನೋಡಿದ. "ಅಂದರೆ ಎರಡನೆಯ ಓಟಗಾರನನ್ನು ಓಡದೇ ಇರುವುದಕ್ಕಾಗಿ ಆರಿಸಿದ್ದೀರಿ," ಎಂದ. ಅದು ಕುಹಕವಲ್ಲ, ಅವನು ಅರ್ಥ ಮಾಡಿಕೊಳ್ಳಲು ನೋಡುತ್ತಿದ್ದ. "ಹಾಗೆ ಅಂತ ಮೊದಲೇ ಹೇಳಿದ್ದರೆ ನಾನು ಅದನ್ನೂ ಮಾಡುತ್ತಿದ್ದೆ. ಖಲಾಸ್, ಪರವಾಗಿಲ್ಲ," ಎಂದು ಎದ್ದ.

ಅವನು ಹೋದ ಮೇಲೆ ನನಗೆ ನನ್ನದೇ ನೇಮಕ ನೆನಪಾಯಿತು. ಹದಿನೇಳು ವರ್ಷಗಳ ಹಿಂದೆ ನನ್ನನ್ನು ಟೈಪ್ ಮಾಡಲಿಕ್ಕೆಂದು ತೆಗೆದುಕೊಂಡಿದ್ದರು. ನನಗಿಂತ ಚೆನ್ನಾಗಿ ಟೈಪ್ ಮಾಡುವ ಹುಡುಗಿ ಅದೇ ದಿನ ಸಂದರ್ಶನಕ್ಕೆ ಬಂದಿದ್ದಳು, ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದಳು. ಆದರೆ ನನಗೆ ತುಳು, ಕೊಂಕಣಿ, ಬ್ಯಾರಿ, ಹಿಂದಿ ಎಲ್ಲ ಬರುತ್ತಿತ್ತು. ಕೆಲಸಗಾರರ ಜಗಳ ಬಂದಾಗ ಅದು ಉಪಯೋಗಕ್ಕೆ ಬೀಳುತ್ತದೆ ಎಂದು ಯಾರೋ ಒಳಗೆ ಯೋಚಿಸಿದ್ದರಂತೆ. ಅದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆ ಹುಡುಗಿಗೆ ಯಾರೂ ಏನೂ ಹೇಳಿರಲಾರರು.

ಪಂದ್ಯ ಶನಿವಾರ ಸಂಜೆ. ಕೋಚ್ ಇಲ್ಲದ ಕಾರಣ ಮೊದಲ ಓಟಗಾರನೇ ನಾಯಕನಾಗಿ ತಂಡ ನಡೆಸಿದ. ಅವನು ನಮ್ಮ ಮಾರಾಟ ವಿಭಾಗದ ಲೆಬನಾನಿನವನು. ಯುವಕನೂ ಬಂದಿದ್ದ. ಕರೆಯದೇ ಬಂದು, ಗೆರೆಯ ಬದಿಯಲ್ಲಿ ಚೆಂಡು ಎಷ್ಟು ಗಜ ಮುಂದೆ ಸಾಗಿತೆಂದು ಅಳೆಯುವ ಸರಪಳಿ ಹಿಡಿಯಲು ಜನ ಬೇಕಿತ್ತೆಂದು ಅದನ್ನು ಹಿಡಿದು ನಿಂತ. ನಾನು ಅವನ ಕಡೆ ನೋಡದಿರಲು ಪ್ರಯತ್ನಿಸಿದೆ.

ಮೊದಲ ಒದೆತದಲ್ಲೇ ವಿಜಯಪುರದವರು ಎದುರಾಳಿಯನ್ನು ಅವನ ಗಡಿಯ ಹತ್ತಿರವೇ ಕೆಡವಿದರು. ನಮ್ಮ ಬೆಂಚಿನವರೆಲ್ಲ ಎದ್ದು ನಿಂತರು. ಎರಡನೆಯ ಒದೆತದಲ್ಲೂ ಹಾಗೆಯೇ. ಆಯಿತು, ನಾನು ಮಾಡಿದ್ದು ಸರಿ ಎಂದುಕೊಂಡೆ. ಆ ನೆಮ್ಮದಿ ಅರ್ಧ ಗಂಟೆ ಇದ್ದಿರಬೇಕು.

ನಾಯಕನ ಮೀನಖಂಡ ಸೆಟೆದುಕೊಂಡಿತು. ಇಬ್ಬರು ಅವನನ್ನು ಎತ್ತಿ ತಂದು ಕೂರಿಸಿದರು. ಚೆಂಡು ನಮ್ಮಲ್ಲೇ ಉಳಿಯಲು ನಮಗೆ ಒಂದು ಓಟ ಬೇಕಿತ್ತು, ಎಂಟು ಹತ್ತು ಗಜ. ಚೆಂಡು ವಿಜಯಪುರದವರ ಕೈಗೆ ಬಂತು. ಅವರು ತಲೆ ತಗ್ಗಿಸಿದರು, ಜನರ ಗುಂಪಿಗೆ ನುಗ್ಗಿದರು, ಒಂದು ಗಜ, ಎರಡು ಗಜ. ಅಷ್ಟರಲ್ಲಿ ಚೆಂಡು ಅವರ ಕಂಕುಳಿನಿಂದ ಹೊರಗೆ ಜಾರಿ ನೆಲದ ಮೇಲೆ ಅಡ್ಡಾದಿಡ್ಡಿ ಪುಟಿಯಿತು. ದುಬೈನವನೊಬ್ಬ ಅದರ ಮೇಲೆ ಬಿದ್ದು ತಮ್ಮದಾಗಿಸಿಕೊಂಡ.

ಯುವಕ ಸರಪಳಿ ಎತ್ತಿಕೊಂಡು ಹೊಸ ಜಾಗಕ್ಕೆ ನಡೆದ. ಬೆಂಚಿನಲ್ಲಿದ್ದ ಒಂದಿಬ್ಬರು ನನ್ನ ಕಡೆ ತಿರುಗಿ ನೋಡಿದರು. ನಾವು ಸೋತೆವು, ತೀರಾ ದೊಡ್ಡ ಅಂತರದಿಂದಲ್ಲ. ಆ ಜಾರಿದ ಚೆಂಡಿನಿಂದಲೇ ಸೋತೆವೋ ಎಂದು ಕೇಳಿದರೆ ನಾಯಕ ಹೌದೆಂದ, ನಮ್ಮ ಒದೆಯುವವನು ಇಲ್ಲವೆಂದ.

ಪಂದ್ಯ ಮುಗಿದ ಮೇಲೆ ವಿಜಯಪುರದವರು ಹೆಲ್ಮೆಟ್ ತೆಗೆದು ಹುಲ್ಲಿನ ಮೇಲೆ ಒಬ್ಬರೇ ಕುಳಿತಿದ್ದರು. ಯುವಕ ಕಾರಿನಿಂದ ಅರಬ್ಬೀ ಕಾಫಿ ಖಾವಾದ ಫ್ಲಾಸ್ಕೂ ಖರ್ಜೂರದ ಡಬ್ಬಿಯೂ ತಂದು ಅವರ ಪಕ್ಕ ಕುಳಿತ. ಸಣ್ಣ ಬಟ್ಟಲಲ್ಲಿ ಖಾವಾ ಸುರಿದು ಮೊದಲು ಅವರಿಗೆ ಕೊಟ್ಟ. ನಾನು ಹತ್ತಿರ ಹೋಗುವಾಗ ಅವರಿಬ್ಬರೂ ಹಿಂದಿಯಲ್ಲಿ ಮಾತಾಡುತ್ತಿದ್ದರು. ಒದ್ದ ಚೆಂಡು ಎಲ್ಲಿ ಬೀಳುತ್ತದೆಂದು ನಿಮಗೆ ಮೊದಲೇ ಹೇಗೆ ಗೊತ್ತಾಗುತ್ತದೆ ಎಂದು ಇವನು ಕೇಳುತ್ತಿದ್ದ. ಚೆಂಡನ್ನು ನೋಡಬೇಡ, ಹಿಡಿಯಲಿಕ್ಕೆ ನಿಂತವನ ಕಾಲು ನೋಡು ಎಂದು ಅವರು ಹೇಳುತ್ತಿದ್ದರು. ನನ್ನನ್ನು ಕಂಡು ಯುವಕ ಬಟ್ಟಲು ಚಾಚಿದ. "ಕುಳಿತುಕೊಳ್ಳಿ ಸಿಸ್ಟರ್." ಅವನ ಮುಖದಲ್ಲಿ ಕೋಪ ಹುಡುಕಿದೆ, ಸಿಗಲಿಲ್ಲ. ಸಿಕ್ಕಿದ್ದರೆ ಸುಲಭವಾಗುತ್ತಿತ್ತೇನೋ.

ತಂದೆ ಚೇತರಿಸಿಕೊಂಡ ಮೇಲೆ ಕೋಚ್ ವಾಪಸು ಬಂದರು. ನಾನು ನೇರ ಅವರ ಕೋಣೆಗೆ ಹೋಗಿ ಕೇಳಿದೆ, ನೀವಾಗಿದ್ದರೆ ಯಾರನ್ನು ಆರಿಸುತ್ತಿದ್ದಿರಿ? ಅವರು ಬಿಳಿ ಹಲಗೆಯ ಮುಂದೆ ನಿಂತು ಮತ್ತೆ ಸೊನ್ನೆ, ಬಾಣ ಎಳೆಯತೊಡಗಿದರು. ಎದುರಾಳಿ ಎಂಥವರು, ಗಾಳಿ ಹೇಗಿತ್ತು, ಮೊದಲ ಓಟಗಾರನ ಕಾಲು ಹೇಗಿತ್ತು, ಎಲ್ಲ ಬಂತು. ಅರ್ಧ ಗಂಟೆ ತಲೆಯಾಡಿಸಿದೆ. ಹೊರಗೆ ಬಂದ ಮೇಲೆ ಯೋಚಿಸಿ ನೋಡಿದರೆ, ಅವರು ಯಾರ ಹೆಸರನ್ನೂ ಹೇಳಿರಲಿಲ್ಲ.

ಮುಂದಿನ ಚಳಿಗಾಲದ ಹೊತ್ತಿಗೆ ವಿಜಯಪುರದವರಿಗೆ ಸೊಹಾರ್‌ನ ಯೋಜನೆಗೆ ವರ್ಗವಾಯಿತು. ಎರಡನೆಯ ಓಟಗಾರನ ಜಾಗಕ್ಕೆ ನಿಜ್ವಾದ ಯುವಕನೇ ಬಂದ, ಆ ಸಲ ಆರಿಸಿದ್ದು ಕೋಚ್. ಒದೆತದ ಅಭ್ಯಾಸದಲ್ಲಿ ಅವನೀಗ ಅರ್ಧ ದಾರಿಯಲ್ಲಿ ನಿಲ್ಲುವುದಿಲ್ಲ.

ವರ್ಗದ ಕಾಗದಕ್ಕೆ ನನ್ನ ಸಹಿ ಬೇಕಿತ್ತು. ವಿಜಯಪುರದವರು ಬಂದು ಎದುರು ಕುಳಿತಾಗ, ಇಷ್ಟು ದಿನ ತಡೆದುಕೊಂಡದ್ದನ್ನು ಕೇಳಿಬಿಟ್ಟೆ. "ಅವತ್ತು ನಿಮ್ಮ ಹೆಸರು ಬಿಟ್ಟುಬಿಡಿ ಅಂದಿರಲ್ಲ. ನಾನು ಬಿಡಬೇಕಿತ್ತಾ?"

"ಬಿಟ್ಟಿದ್ರ ಒಂದೀಟು ಬ್ಯಾಸರ ಆಗ್ತಿತ್ರಿ," ಎಂದರು. "ಹಾಕಿದ್ದಕ್ಕೂ ಆತು."

ನಾನು ಸಹಿ ಹಾಕಿ ಕಾಗದ ಅವರತ್ತ ಸರಿಸಿದೆ. ಅವರು ಎರಡು ಸಲ ಓದಿ, ಮಡಿಸಿ ಜೇಬಿಗೆ ಇಟ್ಟುಕೊಂಡು, ಸೊಹಾರ್‌ನಲ್ಲಿ ಮನೆ ನೋಡಲಿಕ್ಕೆ ಹೊರಡಬೇಕು, ಹೆಂಡತಿ ಕಾರಿನಲ್ಲಿ ಕಾಯುತ್ತಿದ್ದಾಳೆಂದು ಹೇಳಿ ಎದ್ದರು.