ಎಡಗಡೆಯಿಂದ ಬಂದ ಚೆಂಡು

ಮಾರ್ಕೆಟ್ ಫ್ರೆಂಡ್ಸ್ ತಂಡ ಆ ವರ್ಷದ ಲೀಗಿನ ಮೊದಲ ಎರಡು ಪಂದ್ಯಗಳನ್ನೂ ಸೋತಾಗ ಹೇಮಪ್ಪನಿಗೆ ಊಟ ರುಚಿಸಲಿಲ್ಲ. ರೊಟ್ಟಿ ಮುರಿಯುತ್ತ ಕೂರುವನು, ಮುರಿದ ತುಂಡು ಕೈಯಲ್ಲೇ ಉಳಿಯುವುದು. ಹೆಂಡತಿ ಸುಶೀಲವ್ವ ಎರಡು ಸಲ ಪಲ್ಯ ಬಡಿಸಿ ಸುಮ್ಮನಾದಳು. ಅವನ ತಲೆಯಲ್ಲಿ ಏನು ಓಡುತ್ತಿದೆಯೆಂದು ಅವಳಿಗೆ ಗೊತ್ತಿತ್ತು.

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಹಮಾಲರು, ತೂಕದವರು, ಕೋಲ್ಡ್ ಸ್ಟೋರೇಜಿನ ಕೆಲಸಗಾರರು ಸೇರಿ ಕಟ್ಟಿಕೊಂಡ ಫುಟ್‌ಬಾಲ್ ತಂಡ ಅದು. ದೀಪಾವಳಿ ಮುಗಿದ ಮೇಲೆ ಭಾನುವಾರಕ್ಕೊಂದರಂತೆ ಪಂದ್ಯ, ಒಮ್ಮೆ ಹಾವೇರಿಯಲ್ಲಿ, ಒಮ್ಮೆ ರಾಣೆಬೆನ್ನೂರಿನಲ್ಲಿ, ಒಮ್ಮೆ ಊರಲ್ಲೇ. ಹೇಮಪ್ಪ ಪ್ರಾಯದಲ್ಲಿ ಚೀಲ ಹೊರುತ್ತಲೇ ಹತ್ತು ವರ್ಷ ಆ ತಂಡದಲ್ಲಿ ಗೋಲಿನ ಮುಂದೆ ತಡೆಯುವ ಬ್ಯಾಕ್ ಆಗಿ ಆಡಿದ್ದ. ಮೊಣಕಾಲು ಕೈಕೊಟ್ಟ ಮೇಲೆ ತೂಕದ ಕೆಲಸಕ್ಕೆ ಬಂದ, ಮೈದಾನದ ಆಚೆ ಕೂತ. ಆದರೆ ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ. ಐವತ್ತೈದಕ್ಕೆ ಎರಡೂ ಕಣ್ಣು ಹೋದವು.

ಕಣ್ಣು ಹೋದ ಮೊದಲ ವರ್ಷ ಭಾನುವಾರ ಬಂತೆಂದರೆ ಅವನು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ. ಮರುವರ್ಷ ಸುಶೀಲವ್ವ ಅವನ ಕೈ ಹಿಡಿದು ಎಬ್ಬಿಸಿ, ತಾನು ನೋಡಿ ಹೇಳುತ್ತೇನೆಂದು ಮೈದಾನಕ್ಕೆ ಕರೆದೊಯ್ದಳು. ಅವಳು ಹುಟ್ಟಿದಾಗಿನಿಂದ ಫುಟ್‌ಬಾಲ್ ನೋಡಿದವಳಲ್ಲ. ಮೊದಲ ದಿನ ಅರ್ಧ ಪಂದ್ಯದವರೆಗೂ ಗೆರೆಯ ಪಕ್ಕ ಬಾವುಟ ಹಿಡಿದು ಓಡುವವನ ಮೇಲೇ ಅವಳ ಕಣ್ಣು. ಪಾಪ, ಅಷ್ಟು ಓಡಿದರೂ ಅವನಿಗೆ ಯಾರೂ ಚೆಂಡು ಕೊಡುತ್ತಿಲ್ಲವೆಂದು ಮರುಗಿದಳು. ಹೇಮಪ್ಪ ಒಂದು ವರ್ಷದ ನಂತರ ನಕ್ಕದ್ದು ಅಂದೇ.

ಆಟ ತಿಳಿದ ಮೇಲೂ ಅವಳು ಹೇಳುವ ರೀತಿ ಬೇರೆಯೇ ಇತ್ತು. ಚೆಂಡು ಎಲ್ಲಿದೆ ಎನ್ನುವುದು ಕೊನೆಗೆ. ಯಾರು ಕುಂಟುತ್ತಿದ್ದಾರೆ, ಯಾರ ಮುಖ ಬಾಡಿದೆ, ಯಾರು ಯಾರ ಮೇಲೆ ಸಿಟ್ಟಾಗಿದ್ದಾರೆ ಎನ್ನುವುದು ಮೊದಲು. ಮೊದಮೊದಲು ಹೇಮಪ್ಪ ರೇಗುತ್ತಿದ್ದ. ಬರಬರುತ್ತ ಆ ಮಾತುಗಳಿಂದಲೇ ಆಟವನ್ನು ಕಟ್ಟಿಕೊಳ್ಳುವುದು ಅವನಿಗೆ ರೂಢಿಯಾಯಿತು.

ಈ ವರ್ಷ ಹಾವೇರಿಯಲ್ಲಿ ಎರಡು ಸೊನ್ನೆಯಿಂದ ಸೋತಾಗ ಹೇಮಪ್ಪ ತಪ್ಪೆಲ್ಲ ಮಧ್ಯದ ಆಟಗಾರರದು ಎಂದ. ಮುಂದೆ ಹೋದವರು ಹಿಂದಕ್ಕೆ ಓಡಿ ಬರುತ್ತಿಲ್ಲ, ಮದುವೆ ಮನೆಯಲ್ಲಿ ನಿಂತಂತೆ ನಿಲ್ಲುತ್ತಾರೆ. ಊರಿನ ಪಂದ್ಯದಲ್ಲಿ ಮೂರು ಗೋಲು ಬಿಟ್ಟಾಗ ಬ್ಯಾಕುಗಳನ್ನು ಬೈದ. ಊರವರು ಮಾತ್ರ ಗೋಲ್‌ಕೀಪರ್ ಅಯಾಜನನ್ನು ಬೈಯುತ್ತಿದ್ದರು. ಮಾರುಕಟ್ಟೆಯಲ್ಲಿ ಚೀಲ ಹೊರುವ ಅಯಾಜನಿಗೆ ಮೂವತ್ತೆರಡು ವರ್ಷ. ಎಂಟು ವರ್ಷದಿಂದ ಗೋಲು ಕಾಯುತ್ತಿದ್ದವನು ಈಗ ಮೈಗಳ್ಳನಾಗಿದ್ದಾನೆ, ಬದಲಿಸಬೇಕು ಎಂದು ಚಹಾದಂಗಡಿಯಲ್ಲೆಲ್ಲ ಅದೇ ಮಾತು. ಹೇಮಪ್ಪ ಒಪ್ಪಲಿಲ್ಲ. ಅಯಾಜ ಮೈಗಳ್ಳನಾಗುವ ಜಾತಿಯವನೇ ಅಲ್ಲವೆಂದು ವಾದಿಸಿ ಬಂದ. ಆದರೆ ಕಾರಣ ಮಾತ್ರ ಅವನಿಗೂ ಹೊಳೆಯಲಿಲ್ಲ.

ಮೂರನೆಯ ಪಂದ್ಯ ರಾಣೆಬೆನ್ನೂರಿನಲ್ಲಿ. ಗಂಡ ಹೆಂಡತಿ ರೈಲಿನಲ್ಲಿ ಹೋಗಿ ಗೋಲಿಗೆ ಹತ್ತಿರವಿದ್ದ ಮೆಟ್ಟಿಲ ಮೇಲೆ ಕೂತರು. ಆಟ ಶುರುವಾಗಿ ಕಾಲು ಗಂಟೆಗೆ ಎದುರಾಳಿಗಳ ಕೂಗು ಕೇಳಿತು.

"ಗೋಲ್ ಆತ್ರಿ," ಎಂದಳು ಸುಶೀಲವ್ವ. "ಚೆಂಡು ಅಯಾಜನ ಎಡಗಡೆಯಿಂದ ಬಂತು. ಅಂವ ಆ ಕಡೆ ನೋಡಲೇ ಇಲ್ಲ. ಒಳಗ ಹೋದ ಮ್ಯಾಲ ಕುತ್ತಿಗಿ ತಿರುವಿದ."

ಹೇಮಪ್ಪನಿಗೆ ಏನೋ ತಟ್ಟಿತು. ಹಾವೇರಿಯ ಎರಡನೆಯ ಗೋಲು ಯಾವ ಕಡೆಯಿಂದ ಬಂದದ್ದು ಎಂದು ಕೇಳಿದ. ಅದೂ ಎಡಗಡೆಯಿಂದಲೇ. ಊರಿನಲ್ಲಿ ಬಿಟ್ಟ ಮೂರರಲ್ಲಿ ಎರಡು ಅದೇ ಕಡೆಯಿಂದ. ಮಧ್ಯಂತರದಲ್ಲಿ ಅವಳು ಇನ್ನೊಂದು ಮಾತು ಹೇಳಿದಳು. ತಂಡದ ಕೋಚ್ ಶಂಕ್ರಪ್ಪ ನೀರಿನ ಬಾಟಲಿ ಹಿಡಿದು ಅಯಾಜನ ಎಡಮಗ್ಗುಲಲ್ಲಿ ನಿಂತಿದ್ದಾನೆ, ಅಯಾಜ ತೆಗೆದುಕೊಳ್ಳುತ್ತಿಲ್ಲ. ಇಬ್ಬರಿಗೂ ಜಗಳವಾಗಿರಬೇಕು.

"ಜಗಳ ಅಲ್ಲ," ಎಂದ ಹೇಮಪ್ಪ. ತಂಡ ಮತ್ತೆ ಸೋತಿತು. ಎಷ್ಟು ಗೋಲಿನಿಂದ ಎಂದೂ ಅವನು ಕೇಳಲಿಲ್ಲ.

ಮರಳುವಾಗ ರೈಲಿನಲ್ಲಿ ಅವನಿಗೆ ಹಳೆಯದೆಲ್ಲ ನೆನಪಾಯಿತು. ತೂಕದ ಕಾಟಾದ ಹತ್ತಿರ ನಡೆಯುವಾಗ ಪಕ್ಕದ ಚೀಲಗಳಿಗೆ ಎಡವುತ್ತಿದ್ದದ್ದು, ಜೊತೆಗಾರರು ಬೆಳಿಗ್ಗೆಯೇ ಕುಡಿದಿದ್ದಾನೆಂದು ನಗುತ್ತಿದ್ದದ್ದು, ತಾನೂ ಅವರೊಂದಿಗೆ ನಕ್ಕದ್ದು. ಎದುರಿಗಿದ್ದದ್ದು ಚೆನ್ನಾಗಿಯೇ ಕಾಣುತ್ತಿತ್ತು. ಪಕ್ಕದ್ದು ಮಾತ್ರ ಯಾವಾಗ ಕರಗಿತೋ ತಿಳಿಯಲೇ ಇಲ್ಲ. ತಿಳಿಯುವ ಹೊತ್ತಿಗೆ ಡಾಕ್ಟರ ಕೈಯಲ್ಲೂ ಏನೂ ಉಳಿದಿರಲಿಲ್ಲ.

ಮಾರನೆಯ ದಿನ ಸೋಮವಾರ, ಸಂತೆಯ ದಿನ. ಹೇಮಪ್ಪ ಹೆಂಡತಿಯ ಹೆಗಲು ಹಿಡಿದು ಮಾರುಕಟ್ಟೆಗೆ ನಡೆದ. ಗೇಟು ದಾಟುತ್ತಲೇ ಘಾಟು ಮೂಗಿಗೆ ಹೊಡೆಯಿತು. ಸುತ್ತ ಎಲ್ಲರೂ ಕೆಮ್ಮುತ್ತಲೇ ಮಾತಾಡುತ್ತಿದ್ದರು. ಅಯಾಜನನ್ನು ಚಹಾದಂಗಡಿಗೆ ಕರೆಸಿದರು. ಅವನು ಬಂದವನೇ ಸೋಲಿಗೆ ಕ್ಷಮೆ ಕೇಳಿದ. ಹೇಮಪ್ಪ ಅದನ್ನು ಬಿಟ್ಟು ಮನೆಯ ವಿಚಾರ, ಹೆಂಡತಿ ಜರೀನಾಳ ಆರೋಗ್ಯ, ಹೀಗೆ ಏನೇನೋ ಕೇಳುತ್ತ ಕೂತ. ಮೊದಲೇ ಮಾತಾಡಿಕೊಂಡಂತೆ ಸುಶೀಲವ್ವ ಚಹಾದ ಲೋಟ ಹಿಡಿದು ಅಯಾಜನ ಎಡಕ್ಕೆ ಬಂದು ನಿಂತಳು. ಲೋಟವನ್ನು ಅವನ ಕೆನ್ನೆಯ ಹತ್ತಿರದವರೆಗೂ ಒಯ್ದಳು. ಅಯಾಜ ಮಾತಾಡುತ್ತಲೇ ಇದ್ದ.

"ಇವಗ ಕಾಣವಲ್ದು ರೀ," ಎಂದಳು ಅವಳು.

ಅಯಾಜ ಗಕ್ಕನೆ ತಿರುಗಿದ. ಲೋಟ ನೋಡಿದ, ಅವಳ ಮುಖ ನೋಡಿದ. ಮೆಲ್ಲಗೆ ಒಪ್ಪಿಕೊಂಡ. ಎಡಗಡೆ ಕಾಣದಾಗಿ ವರ್ಷವೇ ಆಗಿತ್ತು. ಗೊತ್ತಾದರೆ ತಂಡದಿಂದ ತೆಗೆಯುತ್ತಾರೆಂದು ಜರೀನಾಳಿಗೂ ಹೇಳಿರಲಿಲ್ಲ. ಮೆಣಸಿನಕಾಯಿ ಧೂಳು ಹೊಕ್ಕಿರಬೇಕು, ಕಣ್ಣಿಗೆ ಹನಿ ಹಾಕಿದರೆ ಉರಿ ತಣ್ಣಗಾಗುತ್ತದೆ, ಇದೂ ಒಂದು ದಿನ ಸರಿಹೋದೀತು ಎಂದುಕೊಂಡಿದ್ದ.

"ಯಾವ ಹನಿ? ಕೊಡು ಇಲ್ಲಿ," ಎಂದ ಹೇಮಪ್ಪ.

ಅಯಾಜ ಕಿಸೆಯಿಂದ ಸಣ್ಣ ಬಾಟಲಿ ತೆಗೆದು ಅವನ ಅಂಗೈಗಿಟ್ಟ. ಹೇಮಪ್ಪ ಹೆಬ್ಬೆರಳಿನಿಂದ ಅದರ ಮುಚ್ಚಳ, ಕುತ್ತಿಗೆ, ಚಪ್ಪಟೆ ಹೊಟ್ಟೆಯನ್ನು ಸವರಿ ನೋಡಿದ.

"ಚೀಟಿ ಬರಸ್ಕೊಂಡು ತಂದೀಯೋ, ಹಂಗ ಅಂಗಡ್ಯಾಗ ಕೇಳಿ ತಂದೀಯೋ?"

"ಹಂಗ ತಂದೇನಿ ಕಾಕಾ. ಎಲ್ಲಾರೂ ಇದನ್ನ ಹಾಕ್ತಾರ."

"ಎಷ್ಟು ವರ್ಷಾತು?"

"ನಾಲ್ಕು."

"ನಾ ಒಂಬತ್ತು ವರ್ಷ ಹಾಕಿದೆ," ಎಂದ ಹೇಮಪ್ಪ. "ಉರಿ ಹೋಗ್ತದ, ಖರೇ. ಒಳಗ ಕಣ್ಣಿನ ಒತ್ತಡ ಏರಿಸ್ತದ. ನನಗ ಹುಬ್ಬಳ್ಳಿ ಡಾಕ್ಟರು ಹೇಳಿದಾಗ ಎಲ್ಲಾ ಮುಗದಿತ್ತು. ನಿನಗಿನ್ನೂ ಮುಗದಿಲ್ಲ. ನಾಳೆನ ಹೋಗೋಣ."

ಅಯಾಜ ಬೇಡಿಕೊಂಡ. ಮುಂದಿನ ಭಾನುವಾರದ್ದೊಂದು ಪಂದ್ಯ ಮುಗಿಯಲಿ, ಮೂರು ಸೋತಿದ್ದೇವೆ, ಈಗ ಬಿಟ್ಟು ಹೋದರೆ ಓಡಿಹೋದ ಎನ್ನುತ್ತಾರೆ ಎಂದ. ಹೇಮಪ್ಪ ಕೈ ಚಾಚಿ ಅವನ ಮಣಿಕಟ್ಟು ಹುಡುಕಿ ಹಿಡಿದುಕೊಂಡ.

"ಟೀಮು ಸೋಲ್ಲಿ ಬಿಡಪಾ," ಎಂದ.

ಮದುವೆಯಾಗಿ ಮೂವತ್ತಾರು ವರ್ಷದಲ್ಲಿ ಅವನ ಬಾಯಿಂದ ಆ ಮಾತು ಬಂದದ್ದನ್ನು ಸುಶೀಲವ್ವ ಕೇಳಿರಲಿಲ್ಲ. ಮಗಳ ನಿಶ್ಚಿತಾರ್ಥವನ್ನೇ ಫೈನಲ್ ಪಂದ್ಯಕ್ಕಾಗಿ ಒಂದು ವಾರ ಮುಂದೆ ಹಾಕಿಸಿದ ಮನುಷ್ಯ ಅವನು. ಅವಳು ಮುಖ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಂಗಡಿಯವನು ಕೇಳಿದ್ದಕ್ಕೆ ಘಾಟು ಎಂದಳು.

ಮರುದಿನ ಜರೀನಾಳೂ ಸೇರಿ ನಾಲ್ವರು ಹುಬ್ಬಳ್ಳಿಗೆ ಹೋದರು. ಡಾಕ್ಟರಮ್ಮ ಯಂತ್ರದ ಮುಂದೆ ಕೂರಿಸಿ ಬಹಳ ಹೊತ್ತು ನೋಡಿದರು. ಎಡಗಣ್ಣಿನಲ್ಲಿ ಹೋದದ್ದು ಮರಳುವುದಿಲ್ಲ, ಬಲಗಣ್ಣು ಬಹುಪಾಲು ಚೆನ್ನಾಗಿದೆ, ಅದನ್ನು ಉಳಿಸಿಕೊಳ್ಳಬಹುದು ಎಂದರು. ಹಳೆಯ ಹನಿಯನ್ನು ಅಲ್ಲೇ ಕಸದ ಬುಟ್ಟಿಗೆ ಹಾಕಿಸಿ, ದಿನವೂ ತಪ್ಪದೆ ಹಾಕಬೇಕಾದ ಬೇರೆ ಹನಿ ಬರೆದುಕೊಟ್ಟರು. ಎಡಗಣ್ಣಿಗೆ ಮುಂದಿನ ತಿಂಗಳು ಒಂದು ಸಣ್ಣ ಆಪರೇಷನ್. ಚೆಂಡು ಮುಖಕ್ಕೆ ಬಡಿಯುವ ಆಟ ಇನ್ನು ಬೇಡ ಎಂದರು.

ಹೊರಗೆ ಬೆಂಚಿನ ಮೇಲೆ ಅಯಾಜ ಅತ್ತ. ಜರೀನಾ ಅವನನ್ನು ಬೈಯಲಿಲ್ಲ, ಪಕ್ಕದಲ್ಲಿ ಕೂತು ಅವನ ಅಂಗಿಯ ತೋಳು ಸರಿಮಾಡುತ್ತಿದ್ದಳು. ಹೇಮಪ್ಪನಿಗೆ ಸಮಾಧಾನ ಹೇಳಲು ಬಾರದು. ಅವನು ಬ್ಯಾಕುಗಳ ವಿಷಯ ತೆಗೆದ. ನೀನು ಬಿಟ್ಟ ಗೋಲುಗಳಲ್ಲಿ ಕನಿಷ್ಠ ಎರಡು ಅವರದೇ ತಪ್ಪು, ಎಡಗಡೆಯವನು ಸದಾ ಮುಂದಕ್ಕೆ ಓಡಿರುತ್ತಾನೆ ಎಂದು ಒಂದೊಂದಾಗಿ ವಿವರಿಸಿದ. ಅಯಾಜ ಮೂಗು ಸೀಟಿಕೊಳ್ಳುತ್ತಲೇ ಅಲ್ಲ, ಒಂದೇ ಅವರದು ಎಂದು ವಾದಕ್ಕಿಳಿದ. ರೈಲು ಹಾವೇರಿ ದಾಟುವವರೆಗೂ ಆ ವಾದ ಮುಗಿಯಲಿಲ್ಲ.

ಊರಿಗೆ ಬಂದ ಮೇಲೆ ಸುಶೀಲವ್ವ ಸುಮ್ಮನೆ ಕೂರಲಿಲ್ಲ. ಗುರುವಾರದ ಸಂತೆಯ ದಿನ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರ ನಡುವೆ ಹೋಗಿ ಕೂತು, ಕಣ್ಣಿಗೆ ಏನು ಹಾಕುತ್ತೀರಿ ತೋರಿಸಿ ಎಂದಳು. ಒಬ್ಬೊಬ್ಬರೇ ಸೊಂಟದ ಚೀಲದಿಂದ ಬಾಟಲಿ ತೆಗೆದರು. ಅವಳಿಗೆ ಓದಲು ಬರುವುದಿಲ್ಲ, ಆದರೆ ಆ ಬಾಟಲಿಯ ರೂಪ ಚೆನ್ನಾಗಿ ಗೊತ್ತು. ಯಾರನ್ನೂ ಹೆದರಿಸಲಿಲ್ಲ. ತನ್ನ ಗಂಡನ ಕಥೆಯನ್ನಷ್ಟೇ ಹೇಳಿ ಎದ್ದಳು. ಆ ವಾರ ಆರು ಮಂದಿ ಕಣ್ಣು ತೋರಿಸಿಕೊಂಡು ಬಂದರು.

ಭಾನುವಾರ ಹಾವೇರಿಯ ಮೈದಾನ. ಅಯಾಜ ತಾನೇ ಶಂಕ್ರಪ್ಪನಿಗೆ ಎಲ್ಲ ಹೇಳಿದ್ದ. ಗೋಲಿನಲ್ಲಿ ಕೋಲ್ಡ್ ಸ್ಟೋರೇಜಿನ ಶಂಭುಲಿಂಗ ನಿಂತಿದ್ದ. ಎತ್ತರದವನು, ಆದರೆ ಅದು ಅವನ ಮೊದಲ ಪಂದ್ಯ. ಅಯಾಜ ಬಂದು ಹೇಮಪ್ಪನ ಬಲಕ್ಕೆ ಕೂತ. ಈಗ ಹೇಳುವವರು ಇಬ್ಬರಾದರು. ಅಯಾಜ ಯಾರು ಎಲ್ಲಿ ನಿಂತಿದ್ದಾರೆಂದು ಹೇಳಿದರೆ, ಶಂಭುಲಿಂಗ ಹೆದರಿ ಕೈಗವಸು ಕಚ್ಚುತ್ತಿದ್ದಾನೆಂದು ಸುಶೀಲವ್ವ ಹೇಳುವಳು. ಇಬ್ಬರಿಗೂ ಸಣ್ಣ ಜಗಳವೇ ಆಯಿತು.

"ನೀ ತುಸು ತಡಿಯೋ ತಮ್ಮಾ," ಎಂದ ಹೇಮಪ್ಪ. "ಆಕಿ ಮೊದಲ ಹೇಳ್ಲಿ."

ಪಂದ್ಯ ಒಂದು ಒಂದು ಸಮವಾಯಿತು. ಆ ವರ್ಷದ ಮೊದಲ ಅಂಕ. ಜನ ಎದ್ದು ಚಪ್ಪಾಳೆ ತಟ್ಟುತ್ತಿರುವಾಗ ಹೇಮಪ್ಪ ಮಾತ್ರ ಕೂತೇ ಇದ್ದ. ಎಡ ಬ್ಯಾಕಿನವನು ಇನ್ನೂ ಮುಂದಕ್ಕೆ ಓಡುತ್ತಲೇ ಇದ್ದಾನೆ, ಇದನ್ನು ಶಂಕ್ರಪ್ಪನಿಗೆ ಇವತ್ತೇ ಹೇಳಬೇಕು, ನಡೆಯಿರಿ ಎಂದು ಒಂದು ಕೈಯನ್ನು ಹೆಂಡತಿಯ ಹೆಗಲಿಗೂ ಇನ್ನೊಂದನ್ನು ಅಯಾಜನ ಹೆಗಲಿಗೂ ಹಾಕಿ ಎದ್ದ.